ಆಲ್ಫ್ರೆಡ್ ಆಡ್ಲರ್

ಆಲ್ಫ್ರೆಡ್ ಆಡ್ಲರ್ (ಫೆಬ್ರವರಿ ೭, ೧೮೭೦ – ಮೇ ೨೮, ೧೯೩೭) ಆಸ್ಟ್ರಿಯ ದೇಶದ ವೈದ್ಯರು, ಮನಶ್ಶಾಸ್ತ್ರಜ್ಞರು ಹಾಗೂ ವ್ಯಕ್ತಿ ಮನೋವಿಜ್ಞಾನ ಎಂಬ ಪಂಥದ ಸ್ಥಾಪಕರು. ಸಿಗ್ಮಂಡ್ ಫ್ರಾಯ್ಡ್ ಮತ್ತು ಕಾರ್ಲ್ ಯೂಂಗ್ ಅವರೊಂದಿಗೆ ಆಳಮನೋವಿಜ್ಞಾನದ ಮೂವರು ಪ್ರವರ್ತಕರಲ್ಲಿ ಒಬ್ಬರೆಂದು ಇವರನ್ನು ಗಣಿಸಲಾಗುತ್ತದೆ. ಇಂದು ಕನ್ನಡದ ಮನೆಮಾತಾಗಿರುವ ಕೀಳರಿಮೆ ಎಂಬ ಪದದ ಹಿಂದಿರುವ ಪರಿಕಲ್ಪನೆ ಬಹುಮಟ್ಟಿಗೆ ಇವರಿಂದ ಪ್ರಚಾರಕ್ಕೆ ಬಂದಿತು. ಆದರೆ ಮಕ್ಕಳ ಮಾನಸಿಕ ತೊಂದರೆಗಳನ್ನು ಅವು ಬಲಿಯುವ ಮೊದಲೇ ಶಾಲೆಯಲ್ಲಿ ಗುರುತಿಸಿ, ಶಿಕ್ಷಕರ ಕೈಯಿಂದಲೇ ಸರಿಪಡಿಸಲು ವಿಯೆನ್ನಾ ನಗರದಲ್ಲಿ ಇವರು ನಡೆಸಿದ ಕಾರ್ಯ ಅಷ್ಟಾಗಿ ಪರಿಚಿತವಾಗಿಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಆಡ್ಲರ್ ಜನಿಸಿದ್ದು ಆಗ ವಿಯೆನ್ನಾದ ಹೊರವಲಯವಾಗಿದ್ದ ರುಡಾಲ್ಫ್ಸ್‌ಹೈಮ್‌ನಲ್ಲಿ. ತಂದೆ ಲಿಯೋಪೋಲ್ಡ್ ಧಾನ್ಯದ ವ್ಯಾಪಾರಿ, ತಾಯಿ ಪೌಲಿನೆ. ಯೆಹೂದಿ ಕುಟುಂಬದ ಹಲವು ಮಕ್ಕಳಲ್ಲಿ ಆಲ್ಫ್ರೆಡ್ ಎರಡನೆಯವರು. ರಿಕೆಟ್ಸ್ ರೋಗದಿಂದ ಮೂಳೆಗಳು ದುರ್ಬಲವಾಗಿದ್ದ ಕಾರಣ ಇತರ ಮಕ್ಕಳಂತೆ ಓಡಾಡಲಾಗದೆ, ಚಟುವಟಿಕೆಯ ಅಣ್ಣ ಸಿಗ್ಮಂಡ್‌ನನ್ನು ನೋಡುತ್ತ ಕುಳಿತಿರಬೇಕಾಗಿತ್ತು. ನಾಲ್ಕನೆಯ ವಯಸ್ಸಿನ ಹೊತ್ತಿಗೆ ತಮ್ಮ ರುಡಾಲ್ಫ್ ಡಿಫ್ತೀರಿಯಾದಿಂದ ಇವರ ಪಕ್ಕದ ಹಾಸಿಗೆಯಲ್ಲೇ ತೀರಿಕೊಂಡನು. ಮರುವರ್ಷ ಇವರಿಗೇ ನ್ಯುಮೋನಿಯಾ ತಗುಲಿತು. ವೈದ್ಯರು ಆಸೆ ಬಿಟ್ಟರೂ ಬದುಕಿ ಉಳಿದರು. ತಾವು ವೈದ್ಯರಾಗಬೇಕೆಂದು ನಿಶ್ಚಯಿಸಿದ್ದು ಆಗಲೇ ಎಂದು ಆಡ್ಲರ್ ಮುಂದೆ ನೆನಪಿಸಿಕೊಂಡಿದ್ದಾರೆ.

ಶಾಲೆಯಲ್ಲಿ ಗಣಿತ ಇವರಿಗೆ ಒಗ್ಗಲಿಲ್ಲ. ಹುಡುಗನನ್ನು ಶಾಲೆ ಬಿಡಿಸಿ ಚಮ್ಮಾರಿಕೆ ಕಲಿಯಲು ಹಾಕುವುದು ಲೇಸೆಂದು ಶಿಕ್ಷಕರೊಬ್ಬರು ತಂದೆಗೆ ಸಲಹೆಯಿತ್ತರೆಂದೂ, ತಂದೆ ಅದನ್ನು ತಳ್ಳಿಹಾಕಿದರೆಂದೂ, ಆ ಬಳಿಕ ಹಟ ಹಿಡಿದು ಓದಿದ ಹುಡುಗ ಗಣಿತದಲ್ಲಿ ತರಗತಿಗೇ ಮುಂದಾದನೆಂದೂ ಜೀವನಚರಿತ್ರಕಾರರು ಬರೆಯುತ್ತಾರೆ. ದಡ್ಡನೆಂಬ ಹಣೆಪಟ್ಟಿಯನ್ನು ಶಿಕ್ಷಕರು ಎಷ್ಟು ಸುಲಭವಾಗಿ ಅಂಟಿಸುತ್ತಾರೆ, ಅದನ್ನು ಕಿತ್ತುಹಾಕುವುದು ಮಗುವಿಗೆ ಎಷ್ಟು ಕಷ್ಟ ಎಂಬುದನ್ನು ಆಡ್ಲರ್ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

೧೮೯೫ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ೧೮೯೭ರಲ್ಲಿ ರಷ್ಯಾ ಮೂಲದ ಸಮಾಜವಾದಿ ಚಿಂತಕಿ ರೈಸಾ ಎಪ್‌ಸ್ಟೈನ್ ಅವರನ್ನು ವಿವಾಹವಾದರು. ದಂಪತಿಗಳಿಗೆ ವ್ಯಾಲೆಂಟೈನ್, ಅಲೆಕ್ಸಾಂಡ್ರಾ, ಕುರ್ಟ್, ಕಾರ್ನೀಲಿಯಾ ಎಂಬ ನಾಲ್ವರು ಮಕ್ಕಳು. ಇವರಲ್ಲಿ ಅಲೆಕ್ಸಾಂಡ್ರಾ ಮತ್ತು ಕುರ್ಟ್ ತಂದೆಯಂತೆಯೇ ಮನೋವೈದ್ಯರಾದರು.

ವೈದ್ಯವೃತ್ತಿ ಮತ್ತು ಫ್ರಾಯ್ಡ್ ಅವರ ಒಡನಾಟ

ಆಡ್ಲರ್ ಅವರ ಚಿಕಿತ್ಸಾಲಯ ಪ್ರಾಟರ್ ಎಂಬ ಮನರಂಜನಾ ಉದ್ಯಾನದ ಸಮೀಪದಲ್ಲಿತ್ತು. ಅಲ್ಲಿಯ ಸರ್ಕಸ್ ಮತ್ತು ದೊಂಬರಾಟದ ಕಲಾವಿದರು ಇವರಲ್ಲಿಗೆ ಬರುತ್ತಿದ್ದರು. ಅಸಾಧಾರಣ ದೇಹಬಲ ತೋರುವ ಇವರಲ್ಲಿ ಕೆಲವರು ಬಾಲ್ಯದಲ್ಲಿ ದುರ್ಬಲರಾಗಿದ್ದವರೆಂಬುದು ಆಡ್ಲರ್ ಅವರ ಗಮನ ಸೆಳೆಯಿತು. ಕೊರತೆಯೊಂದನ್ನು ತುಂಬಿಕೊಳ್ಳಲು ಮನುಷ್ಯ ನಡೆಸುವ ಪ್ರಯತ್ನವೇ ಅವನ ಸ್ವಭಾವವನ್ನು ರೂಪಿಸುತ್ತದೆ ಎಂಬ ಅವರ ಸಿದ್ಧಾಂತದ ಬೀಜ ಇಲ್ಲಿದೆ. ೧೯೦೭ರಲ್ಲಿ ಪ್ರಕಟವಾದ ಅಂಗನ್ಯೂನತೆಯನ್ನು ಕುರಿತ ಗ್ರಂಥ ಇದನ್ನು ವಿವರಿಸುತ್ತದೆ. ಇದಕ್ಕೂ ಮುನ್ನ, ೧೮೯೮ರಲ್ಲಿ, ದರ್ಜಿ ಕೆಲಸಗಾರರ ಆರೋಗ್ಯದ ಬಗ್ಗೆ ಕಿರುಹೊತ್ತಗೆಯೊಂದನ್ನು ಬರೆದಿದ್ದರು. ರೋಗ ಬಂದ ಮೇಲೆ ಮದ್ದು ಕೊಡುವುದಕ್ಕಿಂತ ಅದನ್ನು ಹುಟ್ಟಿಸುವ ಸ್ಥಿತಿಯನ್ನು ಬದಲಿಸಬೇಕೆಂಬ ನಿಲುವು ಆ ಪುಸ್ತಕದಲ್ಲಿಯೇ ಇದೆ.

೧೯೦೨ರಲ್ಲಿ ಫ್ರಾಯ್ಡ್ ತಮ್ಮ ಮನೆಯಲ್ಲಿ ಬುಧವಾರಗಳಂದು ಸೇರುತ್ತಿದ್ದ ಗೋಷ್ಠಿಗೆ ಆಡ್ಲರ್ ಅವರನ್ನು ಆಹ್ವಾನಿಸಿದರು. ೧೯೧೦ರಲ್ಲಿ ಆಡ್ಲರ್ ವಿಯೆನ್ನಾ ಮನೋವಿಶ್ಲೇಷಣಾ ಸಂಘದ ಅಧ್ಯಕ್ಷರಾದರು. ಆದರೆ ಎಲ್ಲಕ್ಕೂ ಲೈಂಗಿಕ ಪ್ರವೃತ್ತಿಯೇ ಮೂಲವೆಂಬುದನ್ನು ಒಪ್ಪದೆ ೧೯೧೧ರಲ್ಲಿ ಸಂಗಡಿಗರೊಡನೆ ಹೊರಬಂದರು. ಇವರನ್ನು ಫ್ರಾಯ್ಡ್ ಅವರ ಶಿಷ್ಯರೆಂದು ಬರೆಯುವ ರೂಢಿಯಿದೆ. ಇದನ್ನು ಆಡ್ಲರ್ ಕೊನೆಯವರೆಗೂ ಅಲ್ಲಗಳೆದರು. ಹೊಸ ಪಂಥದ ಹೆಸರಿನಲ್ಲಿರುವ ವ್ಯಕ್ತಿ ಎಂಬ ಮಾತಿಗೆ ಒಂಟಿ ಮನುಷ್ಯ ಎಂಬ ಅರ್ಥವಿಲ್ಲ. ಲ್ಯಾಟಿನ್ ಮೂಲದಲ್ಲಿ ಅದು ಭಾಗಿಸಲಾಗದ್ದು ಎಂಬುದನ್ನು ಸೂಚಿಸುತ್ತದೆ. ಮನುಷ್ಯನನ್ನು ತುಂಡುಗಳಾಗಿ ಅಲ್ಲ, ಇಡಿಯಾಗಿ, ಅವನ ಸಮಾಜದ ನಡುವೆ ಇಟ್ಟು ನೋಡಬೇಕೆಂಬುದು ಇದರ ಆಶಯ.

೧೯೧೫ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯ ಅಧ್ಯಾಪನದ ಅರ್ಹತೆ ಕೋರಿದ ಇವರ ಮನವಿಯನ್ನು ನಿರಾಕರಿಸಿತು. ಪ್ರಾಯಶಃ ಈ ನಿರಾಕರಣೆಯೂ ಅವರನ್ನು ವಿದ್ವಾಂಸರ ಸಭೆಗಿಂತ ಹೆಚ್ಚಾಗಿ ಶಿಕ್ಷಕರು ಮತ್ತು ಸಾಮಾನ್ಯ ಜನರ ಕಡೆಗೆ ತಿರುಗಿಸಿತು. ಮೊದಲ ಮಹಾಯುದ್ಧದಲ್ಲಿ ಸೇನಾವೈದ್ಯರಾಗಿ ಸೇವೆ ಸಲ್ಲಿಸಿದ ಬಳಿಕ ಸಮುದಾಯಭಾವ ಎಂಬ ಕಲ್ಪನೆ ಅವರ ಚಿಂತನೆಯ ಕೇಂದ್ರಕ್ಕೆ ಬಂದಿತು.

ವಿಯೆನ್ನಾದ ಶಾಲೆಗಳಲ್ಲಿ

ಯುದ್ಧಾನಂತರದ ವಿಯೆನ್ನಾದಲ್ಲಿ ಹಸಿವು, ಕ್ಷಯ, ನಿರುದ್ಯೋಗ ತಾಂಡವವಾಡುತ್ತಿದ್ದವು. ತಂದೆಯನ್ನು ಕಳೆದುಕೊಂಡ ಮಕ್ಕಳು, ಕಳ್ಳತನಕ್ಕಿಳಿದ ಹುಡುಗರು, ಶಾಲೆಗೆ ಚಕ್ಕರ್ ಹೊಡೆಯುವವರು ಎಲ್ಲೆಡೆ ಕಾಣುತ್ತಿದ್ದರು. ೧೯೧೯ರಲ್ಲಿ ನಗರಾಡಳಿತ ಸೋಷಿಯಲ್ ಡೆಮಾಕ್ರಟರ ಕೈಗೆ ಬಂದಿತು. ಸ್ವತಃ ಶಿಕ್ಷಕರಾಗಿದ್ದ ಓಟೋ ಗ್ಲೋಕೆಲ್ ಅವರ ನೇತೃತ್ವದಲ್ಲಿ ಶಾಲಾ ಸುಧಾರಣೆ ಆರಂಭವಾಯಿತು. ಆಡ್ಲರ್ ಅವರಿಗೆ ಬಾಗಿಲು ತೆರೆದದ್ದು ಈ ಸುಧಾರಣೆಯೇ.

ಅವರ ತರ್ಕ ಸರಳವಾಗಿತ್ತು. ಒಂದೊಂದೇ ರೋಗಿಯನ್ನು ಕೂರಿಸಿಕೊಂಡು ವರ್ಷಗಟ್ಟಲೆ ಚಿಕಿತ್ಸೆ ನೀಡುವ ವೈದ್ಯನು ಎಷ್ಟು ಜನರನ್ನು ತಲುಪಬಲ್ಲನು? ಮನೆಯಲ್ಲಿ ಆದ ತಪ್ಪು ಮೊದಲು ಬಯಲಾಗುವುದು ಮಗು ಶಾಲೆಯ ಹೊಸ್ತಿಲು ತುಳಿದಾಗ. ಅದನ್ನು ದಿನವೂ ಕಾಣುವವರು ಶಿಕ್ಷಕರು. ಹಾಗಾಗಿ ಶಿಕ್ಷಕರಿಗೆ ಕಾಣುವ ಕಣ್ಣು ಕೊಟ್ಟರೆ ಸಾವಿರಾರು ಮಕ್ಕಳನ್ನು ತಲುಪಬಹುದು. ಯಾವ ಮಕ್ಕಳು ಅಪಾಯದ ಅಂಚಿನಲ್ಲಿದ್ದಾರೆ ಎಂಬುದಕ್ಕೂ ಅವರು ಮೂರು ಗುರುತುಗಳನ್ನು ಹೇಳಿದರು: ಹುಟ್ಟಿನಿಂದ ಅಂಗದೌರ್ಬಲ್ಯ ಅಥವಾ ರೋಗವುಳ್ಳವರು, ಅತಿಮುದ್ದಿನಲ್ಲಿ ಬೆಳೆದವರು, ಯಾರಿಗೂ ಬೇಡವಾಗಿ ಬೆಳೆದವರು. ಮೂವರೂ ತಮ್ಮ ಬಗ್ಗೆಯೇ ಚಿಂತಿಸುವಂತಾಗಿ, ಇತರರೊಡನೆ ಬೆರೆಯುವುದನ್ನು ಕಲಿತಿರುವುದಿಲ್ಲ ಎಂಬುದು ಅವರ ವಿವರಣೆ.

ಈ ಉದ್ದೇಶದಿಂದ ಯುದ್ಧ ಮುಗಿದ ಒಂದೆರಡು ವರ್ಷಗಳಲ್ಲೇ ಮಕ್ಕಳ ಮಾರ್ಗದರ್ಶನ ಕೇಂದ್ರಗಳು ಆರಂಭವಾದವು. ೧೯೨೦ರ ದಶಕದ ಕೊನೆಯ ಹೊತ್ತಿಗೆ ವಿಯೆನ್ನಾದಲ್ಲಿ ಇವುಗಳ ಸಂಖ್ಯೆ ಮೂವತ್ತರ ಆಸುಪಾಸಿನಲ್ಲಿತ್ತು. ಬಹುಪಾಲು ಕೇಂದ್ರಗಳು ಶಾಲಾ ಕಟ್ಟಡಗಳಲ್ಲಿಯೇ ನಡೆಯುತ್ತಿದ್ದವು. ಶುಲ್ಕವಿರಲಿಲ್ಲ, ವೈದ್ಯರೂ ಮನಶ್ಶಾಸ್ತ್ರಜ್ಞರೂ ಸಂಬಳವಿಲ್ಲದೆ ದುಡಿಯುತ್ತಿದ್ದರು.

ಕೇಂದ್ರದ ಕಾರ್ಯಕ್ರಮ ಹೀಗಿರುತ್ತಿತ್ತು. ಶಿಕ್ಷಕರು ತಮಗೆ ತೊಡಕಾಗಿರುವ ಮಗುವಿನ ಬಗ್ಗೆ ಬರಹದಲ್ಲಿ ವರದಿ ತರುತ್ತಿದ್ದರು. ಆಡ್ಲರ್ ಅದನ್ನು ನೆರೆದಿದ್ದ ಇತರ ಶಿಕ್ಷಕರ ಮುಂದೆ ಸಾಲುಸಾಲಾಗಿ ಓದಿ, ಪ್ರತಿಯೊಂದು ವಿವರಕ್ಕೂ ಏನು ಅರ್ಥವಿರಬಹುದೆಂದು ಊಹಿಸುತ್ತ ಹೋಗುತ್ತಿದ್ದರು. ಮಗು ಮನೆಯಲ್ಲಿ ಎಷ್ಟನೆಯದು, ಅದರ ಮೊಟ್ಟಮೊದಲ ನೆನಪು ಯಾವುದು, ಮುಂದೆ ಏನಾಗಬೇಕೆಂದು ಬಯಸುತ್ತದೆ ಎಂಬ ಸಂಗತಿಗಳಿಗೆ ಅವರು ಹೆಚ್ಚಿನ ಬೆಲೆ ಕೊಡುತ್ತಿದ್ದರು. ಬಳಿಕ ತಾಯಿಯನ್ನು ಅಥವಾ ತಂದೆಯನ್ನು ಕರೆದು, ದೂಷಿಸದೆ ಮಾತನಾಡಿಸುತ್ತಿದ್ದರು. ಕೊನೆಗೆ ಮಗುವಿನ ಸರದಿ. ವಿಚಾರಣೆಯಾಗಲಿ ಉಪದೇಶವಾಗಲಿ ಇರುತ್ತಿರಲಿಲ್ಲ. ಸ್ನೇಹಿತರೊಬ್ಬರು ಮಾತನಾಡಿಸಿದಂತೆ ಕೆಲವೇ ನಿಮಿಷಗಳ ಸಂಭಾಷಣೆ. ಮಗು ಹೊರಟ ಮೇಲೆ, ಮರುದಿನದಿಂದ ತರಗತಿಯಲ್ಲಿ ಏನು ಮಾಡಬೇಕೆಂದು ಶಿಕ್ಷಕರೊಡನೆ ಚರ್ಚಿಸಲಾಗುತ್ತಿತ್ತು. ಮುಖ್ಯವಾದ ಕೆಲಸ ನಡೆಯುತ್ತಿದ್ದುದು ಹೀಗೆ ಶಾಲೆಗೆ ಮರಳಿದ ಮೇಲೆಯೇ.

ಅವರ ಬೋಧನೆಯ ಒಂದು ಉದಾಹರಣೆ ಸೋಮಾರಿ ವಿದ್ಯಾರ್ಥಿಯದು. ಸೋಮಾರಿತನವನ್ನು ಆಡ್ಲರ್ ದೋಷವೆನ್ನದೆ ಗುರಾಣಿಯೆಂದು ಕಂಡರು. ಪ್ರಯತ್ನಿಸಿ ಸೋತರೆ ದಡ್ಡನೆನಿಸಿಕೊಳ್ಳಬೇಕು. ಪ್ರಯತ್ನಿಸದೆ ಸೋತರೆ, ಮನಸ್ಸು ಮಾಡಿದ್ದರೆ ಗೆಲ್ಲುತ್ತಿದ್ದನೆಂಬ ಮರ್ಯಾದೆಯಾದರೂ ಉಳಿಯುತ್ತದೆ. ಅಂಥವನಿಗೆ ಶಿಕ್ಷೆ ಕೊಟ್ಟರೆ ಗುರಾಣಿ ಇನ್ನಷ್ಟು ದಪ್ಪವಾಗುತ್ತದೆ. ಅವನಿಂದಾಗುವ ಸಣ್ಣ ಕೆಲಸವೊಂದನ್ನು ವಹಿಸಿ, ತರಗತಿಗೆ ತನ್ನಿಂದಲೂ ಉಪಯೋಗವಿದೆಯೆಂದು ಅವನಿಗೆ ಅನ್ನಿಸುವಂತೆ ಮಾಡುವುದೇ ದಾರಿ. ಕಳ್ಳತನ, ಸುಳ್ಳು, ಜಗಳಗಂಟತನಗಳನ್ನೂ ಅವರು ಇದೇ ರೀತಿ, ಧೈರ್ಯಗುಂದಿದ ಮಗು ಹುಡುಕಿಕೊಂಡ ಅಡ್ಡದಾರಿಗಳೆಂದು ವಿವರಿಸಿದರು. ಪಾಠ ಮಾಡಿದ ಅನುಭವವುಳ್ಳ ಯಾರಿಗಾದರೂ ಇಂಥ ಮಕ್ಕಳ ಮುಖಗಳು ನೆನಪಾಗದೆ ಇರಲಾರವು.

೧೯೨೪ರಿಂದ ಆಡ್ಲರ್ ನಗರದ ಶಿಕ್ಷಕ ತರಬೇತಿ ಸಂಸ್ಥೆಯಾದ ಪೆಡಗಾಗಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಪ್ರಾಧ್ಯಾಪಕರಾದರು. ನೂರಾರು ಶಿಕ್ಷಕರು ಅವರ ಉಪನ್ಯಾಸಗಳನ್ನು ಕೇಳಿದರು. ಜನಸಾಮಾನ್ಯರಿಗೆ ನೀಡಿದ ಉಪನ್ಯಾಸಗಳಿಂದ ರೂಪುಗೊಂಡು ೧೯೨೭ರಲ್ಲಿ ಪ್ರಕಟವಾದ ಮಾನವ ಸ್ವಭಾವವನ್ನು ಕುರಿತ ಗ್ರಂಥ ಅವರಿಗೆ ಅಂತರರಾಷ್ಟ್ರೀಯ ಖ್ಯಾತಿ ತಂದಿತು.

೧೯೩೧ರಲ್ಲಿ ಓಸ್ಕರ್ ಸ್ಪೀಲ್, ಫರ್ಡಿನಾಂಡ್ ಬಿರ್ನ್‌ಬೌಮ್ ಮೊದಲಾದ ಶಿಕ್ಷಕರು ಈ ತತ್ತ್ವಗಳ ಮೇಲೆ ವಿಯೆನ್ನಾದ ಬಡ ಬಡಾವಣೆಯೊಂದರಲ್ಲಿ ಪ್ರಾಯೋಗಿಕ ಶಾಲೆಯನ್ನು ನಡೆಸಿದರು. ಇಲ್ಲಿ ತರಗತಿಯೇ ಒಂದು ಸಮುದಾಯ. ಮಕ್ಕಳು ಸಭೆ ಸೇರಿ ತಮ್ಮ ತಂಟೆಗಳನ್ನು ಚರ್ಚಿಸುತ್ತಿದ್ದರು, ಹಿಂದುಳಿದವರಿಗೆ ಮುಂದಿದ್ದವರು ನೆರವಾಗುತ್ತಿದ್ದರು, ತರಗತಿಯ ಆಡಳಿತದಲ್ಲಿ ಪಾಲು ಪಡೆಯುತ್ತಿದ್ದರು. ವಿಶೇಷ ಸೌಕರ್ಯಗಳ ಶಾಲೆ ಇದಾಗಿರಲಿಲ್ಲ, ಸಾಮಾನ್ಯ ಸರ್ಕಾರಿ ಶಾಲೆಯಾಗಿತ್ತು ಎಂಬುದೇ ಇದರ ಹೆಚ್ಚುಗಾರಿಕೆ.

ಕೊನೆಯ ವರ್ಷಗಳು

೧೯೨೬ರಿಂದ ಆಡ್ಲರ್ ವರ್ಷದ ಕೆಲವು ತಿಂಗಳುಗಳನ್ನು ಅಮೆರಿಕದಲ್ಲಿ ಕಳೆಯತೊಡಗಿದರು. ೧೯೩೨ರಲ್ಲಿ ಲಾಂಗ್ ಐಲ್ಯಾಂಡ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ೧೯೩೪ರ ಫೆಬ್ರವರಿಯ ಅಂತರ್ಯುದ್ಧದಲ್ಲಿ ಸೋಷಿಯಲ್ ಡೆಮಾಕ್ರಟರು ಸೋತು ಸರ್ವಾಧಿಕಾರ ನೆಲೆಗೊಂಡಾಗ ಗ್ಲೋಕೆಲ್ ಬಂಧಿತರಾದರು. ಮಾರ್ಗದರ್ಶನ ಕೇಂದ್ರಗಳು ಮುಚ್ಚಿದವು. ಪ್ರಾಯೋಗಿಕ ಶಾಲೆಯೂ ನಿಂತಿತು. ಹದಿನೈದು ವರ್ಷಗಳ ಕೆಲಸ ಕೆಲವೇ ವಾರಗಳಲ್ಲಿ ಅಳಿಸಿಹೋಯಿತು. ಆಡ್ಲರ್ ಕುಟುಂಬ ಅಮೆರಿಕದಲ್ಲಿ ನೆಲೆಸಿತು.

ಹಿರಿಯ ಮಗಳು ವ್ಯಾಲೆಂಟೈನ್ ಮಾಸ್ಕೋಗೆ ಹೋಗಿದ್ದರು. ೧೯೩೭ರ ಆರಂಭದಲ್ಲಿ ಅವರ ಸುದ್ದಿ ನಿಂತುಹೋಯಿತು. ಸ್ಟಾಲಿನ್ ಆಡಳಿತ ಅವರನ್ನು ಬಂಧಿಸಿದ್ದು ಹೆತ್ತವರಿಗೆ ತಿಳಿದಿರಲಿಲ್ಲ. ಈ ಚಿಂತೆಯಲ್ಲಿ ನಿದ್ರೆಗೆಟ್ಟಿದ್ದರೂ ಆಡ್ಲರ್ ಯುರೋಪಿನ ಉಪನ್ಯಾಸ ಪ್ರವಾಸವನ್ನು ಕೈಬಿಡಲಿಲ್ಲ. ೧೯೩೭ರ ಮೇ ೨೮ರ ಬೆಳಿಗ್ಗೆ ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಯೂನಿಯನ್ ಬೀದಿಯಲ್ಲಿ ನಡೆದಾಡುತ್ತಿದ್ದಾಗ ಹೃದಯಾಘಾತದಿಂದ ಕುಸಿದು ನಿಧನರಾದರು. ವ್ಯಾಲೆಂಟೈನ್ ೧೯೪೨ರಲ್ಲಿ ಸೋವಿಯತ್ ಶ್ರಮಶಿಬಿರದಲ್ಲಿ ಮೃತರಾದರು. ಎಡಿನ್‌ಬರೋದಲ್ಲಿ ದಹನವಾದ ಆಡ್ಲರ್ ಅವರ ಚಿತಾಭಸ್ಮ ಅಲ್ಲಿಯೇ ಮರೆತುಹೋಗಿತ್ತು. ೨೦೦೭ರಲ್ಲಿ ಪತ್ತೆಯಾದ ಅದನ್ನು ೨೦೧೧ರಲ್ಲಿ ವಿಯೆನ್ನಾದ ಕೇಂದ್ರ ರುದ್ರಭೂಮಿಗೆ ತರಲಾಯಿತು.

ವಿಮರ್ಶೆ ಮತ್ತು ಪ್ರಭಾವ

ಆಡ್ಲರ್ ಅವರ ವಿಧಾನ ಟೀಕೆಗೂ ಗುರಿಯಾಗಿದೆ. ಯುವಕರಾಗಿದ್ದಾಗ ಅವರ ಕೇಂದ್ರಗಳಲ್ಲಿ ಸ್ವಯಂಸೇವೆ ಮಾಡಿದ್ದ ತತ್ತ್ವಜ್ಞಾನಿ ಕಾರ್ಲ್ ಪಾಪ್ಪರ್, ಮಗುವನ್ನು ನೋಡದೆಯೇ ಆಡ್ಲರ್ ಅದರ ಪ್ರಕರಣವನ್ನು ಕೀಳರಿಮೆಯಿಂದ ವಿವರಿಸಿಬಿಟ್ಟದ್ದನ್ನು ಮುಂದೆ ಬರೆದು, ಯಾವ ಸಂಗತಿಯಿಂದಲೂ ತಪ್ಪೆಂದು ತೋರಿಸಲಾಗದ ಸಿದ್ಧಾಂತ ವಿಜ್ಞಾನವಾಗದೆಂದು ವಾದಿಸಿದರು. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಜನನಕ್ರಮಕ್ಕೂ ಸ್ವಭಾವಕ್ಕೂ ಆಡ್ಲರ್ ಕಲ್ಪಿಸಿದ ಸಂಬಂಧವನ್ನು ನಂತರದ ದೊಡ್ಡ ಅಧ್ಯಯನಗಳು ಅಷ್ಟಾಗಿ ಸಮರ್ಥಿಸಿಲ್ಲ. ಮಗುವನ್ನು ಹತ್ತಾರು ಜನರ ಮುಂದೆ ಮಾತನಾಡಿಸುವ ಕ್ರಮವೂ ಗೋಪ್ಯತೆಯ ದೃಷ್ಟಿಯಿಂದ ಇಂದು ಪ್ರಶ್ನಾರ್ಹ. ಆದರೆ ಸಿದ್ಧಾಂತದ ದೌರ್ಬಲ್ಯವನ್ನೂ ಶಾಲೆಯಲ್ಲಿ ನಡೆದ ಕಾರ್ಯದ ಮೌಲ್ಯವನ್ನೂ ಬೇರೆಬೇರೆಯಾಗಿ ತೂಗುವುದು ನ್ಯಾಯ.

ಶಿಷ್ಯ ರುಡಾಲ್ಫ್ ಡ್ರೈಕರ್ಸ್ ೧೯೩೭ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ ಷಿಕಾಗೋದಲ್ಲಿ ಮಾರ್ಗದರ್ಶನ ಕೇಂದ್ರಗಳನ್ನು ಮತ್ತೆ ಕಟ್ಟಿದರು. ಪೋಷಕರಿಗೂ ಶಿಕ್ಷಕರಿಗೂ ಬರೆದ ಅವರ ಪುಸ್ತಕಗಳು ಇಂದಿಗೂ ಬಳಕೆಯಲ್ಲಿವೆ. ಎರಡನೆಯ ಮಹಾಯುದ್ಧದ ಬಳಿಕ ಸ್ಪೀಲ್ ಮತ್ತು ಬಿರ್ನ್‌ಬೌಮ್ ವಿಯೆನ್ನಾದಲ್ಲಿ ಪ್ರಾಯೋಗಿಕ ಶಾಲೆಯನ್ನು ಪುನಃ ತೆರೆದರು. ಅಲ್ಲಿಯ ಅನುಭವವನ್ನು ಸ್ಪೀಲ್ ೧೯೪೭ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು.