ಲೇತ್‌ಗೆ ಮಿದುಳು ಕೊಟ್ಟ ಸ್ಪೆನ್ಸರ್

ನಮ್ಮ ಉರ್ದುವಿನಲ್ಲಿ ಲೇತ್‌ಗೆ ಖರಾದ್ ಎನ್ನುತ್ತೇವೆ. ಈಗಿನ ಸಿಎನ್‌ಸಿ ಲೇತ್‌ನ ಪ್ರೋಗ್ರಾಮಿನಲ್ಲಿ ಟಿ0202 ಎಂದು ಬರೆದರೆ ಎರಡನೇ ಟೂಲ್ ತಾನಾಗಿಯೇ ಮುಂದೆ ಬರುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಇಂಥ ಕೆಲಸವನ್ನು ಯಂತ್ರದಿಂದ ಮಾಡಿಸಿದವರು ಕ್ರಿಸ್ಟೋಫರ್ ಸ್ಪೆನ್ಸರ್.

ಅವರು ಹುಟ್ಟಿದ್ದು 1833ರಲ್ಲಿ, ಅಮೆರಿಕದ ಕನೆಕ್ಟಿಕಟ್‌ನಲ್ಲಿ. ಏಳು ಗುಂಡುಗಳ ಬಂದೂಕು ಮಾಡಿ ಹೆಸರಾದರು. 1863ರಲ್ಲಿ ಅಧ್ಯಕ್ಷ ಲಿಂಕನ್ ಅದನ್ನು ಸ್ವತಃ ಹಾರಿಸಿ ನೋಡಿದರು. ಯುದ್ಧ ಮುಗಿದ ಮೇಲೆ ಆ ಕಂಪನಿ ಉಳಿಯಲಿಲ್ಲ.

1873ರಲ್ಲಿ ಸ್ಕ್ರೂ ಮಾಡುವ ಸ್ವಯಂಚಾಲಿತ ಲೇತ್‌ಗೆ ಪೇಟೆಂಟ್ ಪಡೆದರು. ಅದರಲ್ಲಿ ತಿರುಗುವ ಒಂದು ಡ್ರಮ್, ಅದರ ಮೇಲೆ ಲೋಹದ ಪಟ್ಟಿಗಳು. ಯಾವ ಟೂಲ್ ಯಾವಾಗ ಬರಬೇಕೆಂದು ಆ ಪಟ್ಟಿಗಳೇ ತೀರ್ಮಾನಿಸುತ್ತಿದ್ದವು. ಪಟ್ಟಿ ಬದಲಿಸಿದರೆ ಕೆಲಸವೂ ಬದಲು! ಅದಕ್ಕೆ ‘ಮಿದುಳು ಚಕ್ರ’ ಎಂಬ ಹೆಸರೇ ಬಂತು.

ಆದರೆ ವಕೀಲರ ಲೋಪದಿಂದ ಪೇಟೆಂಟ್‌ನಲ್ಲಿ ಆ ಡ್ರಮ್ಮಿನ ಹಕ್ಕೇ ಸೇರಲಿಲ್ಲ. ಬೇರೆಯವರೂ ಅದನ್ನು ಬಳಸಿಕೊಳ್ಳುವಂತಾಯಿತು. 1882ರಲ್ಲಿ ಸ್ಪೆನ್ಸರ್ ತಮ್ಮ ಸ್ಕ್ರೂ ಕಂಪನಿ ಬಿಟ್ಟು ಮತ್ತೆ ಬಂದೂಕಿಗೆ ಕೈಹಾಕಿ ನಷ್ಟಪಟ್ಟರು. 1922ರಲ್ಲಿ ತೀರಿಕೊಂಡರು.

ಕಾಮರ್ಸ್ ಓದುವ ನನಗೆ ಅವರ ಬಂದೂಕಿಗಿಂತ ಆ ಪೇಟೆಂಟೇ ಹೆಚ್ಚು ಕಾಡುತ್ತದೆ. ಗೆಳೆಯರೇ, ಕೈಯಲ್ಲಿ ಎಷ್ಟೇ ಕಸುಬಿರಲಿ, ಸಹಿ ಹಾಕುವ ಮುಂಚೆ ಕಾಗದವನ್ನು ಪೂರ್ತಿ ಓದೋಣ.