ಕಿಟ್ಟೆಲರ ನಂಬುಗೆ

ಷಣ್ಮುಖ ಶಿವಯೋಗಿಗಳ ಜೇವರ್ಗಿಯಲ್ಲಿ ಬೆಳೆದ ನನಗೆ ಭಕ್ತಿಯ ಮಾತು ಹೊಸದಲ್ಲ. ಆದರೂ ಪರೀಕ್ಷೆಯಲ್ಲಿ ನಪಾಸಾದ ವರ್ಷ, ದೇವರನ್ನು ನಂಬಿದವನು ಕೈಕಟ್ಟಿ ಕುಳಿತರೆ ಸಾಕೇ ಎಂಬ ಸಂದೇಹ ಕಾಡಿತು. ಉತ್ತರ ದೊರೆತದ್ದು ಕಿಟ್ಟೆಲರ ಜೀವನದಲ್ಲಿ.

1832ರಲ್ಲಿ ಜರ್ಮನಿಯಲ್ಲಿ ಜನಿಸಿದ ಫರ್ಡಿನಂಡ್ ಕಿಟ್ಟೆಲರು 1853ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿ ಕನ್ನಡನಾಡಿಗೆ ಬಂದರು. ಸುವಾರ್ತೆ ಸಾರಬಂದವರು ಜನರ ಮಾತನ್ನು ಕಲಿತರು. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ಯೆಂದು ಕನ್ನಡ ಛಂದಸ್ಸಿನಲ್ಲಿ ರಚಿಸಿದರು. ಹಳೆಯ ಕಾವ್ಯ, ಗಾದೆ, ಆಡುನುಡಿಗಳನ್ನು ವರ್ಷಾನುಗಟ್ಟಲೆ ತೂಗಿ ನೋಡಿ ಸುಮಾರು 70,000 ಶಬ್ದಗಳನ್ನು ಕೂಡಿಸಿದರು. ಆ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅವರು 1903ರಲ್ಲಿ ದೈವಾಧೀನರಾದರು.

ಕ್ರೈಸ್ತರ ವಿವೇಚನೆಯೆಂದರೆ ಇದೇ ಎಂದು ನನಗೆ ತೋರಿತು: ಇಂದಿನ ಕರ್ತವ್ಯವನ್ನು ಅರಿತು ಮಾಡುವುದು, ಫಲವನ್ನು ದೇವರಿಗೆ ಬಿಡುವುದು. ಮರುದಿನವೇ ಪುಸ್ತಕವನ್ನು ಕೈಗೆತ್ತಿಕೊಂಡೆನು.