ಜೆಫರ್ಸನ್ ಕೊಂಡ ನೆಲ

ಸುವರ್ಣ ಮಹೋತ್ಸವ ಸಂಚಿಕೆಗೆ ಬರೆಯಲು ಕುಳಿತಾಗ ನನಗೆ ನೆನಪಾದವನು ಥಾಮಸ್ ಜೆಫರ್ಸನ್. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದ ಈತ ತೀರಿಕೊಂಡದ್ದು ಆ ಘೋಷಣೆಗೆ ಸರಿಯಾಗಿ ಐವತ್ತು ವರ್ಷ ತುಂಬಿದ ದಿನ, 1826ರ ಜುಲೈ 4ರಂದು. ನಮ್ಮ ಶಾಲೆಯ ಸಮಾಜ ಪಾಠ ಘೋಷಣೆಯವರೆಗೆ ಬಂದು ನಿಂತಿತ್ತು. ಆತನ ಜಮೀನು ವ್ಯವಹಾರದ ಕಥೆಯನ್ನು ನಾನು ಓದಿದ್ದು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ.

ಜೆಫರ್ಸನ್ ಹುಟ್ಟಿದ್ದು 1743ರಲ್ಲಿ, ವರ್ಜೀನಿಯಾದಲ್ಲಿ. ತಂದೆ ಜಮೀನುದಾರ, ಭೂಮಾಪಕ. ಮಾವನಿಂದ ಜಮೀನು ಮತ್ತು ಗುಲಾಮರ ಜೊತೆಗೆ ದೊಡ್ಡ ಸಾಲವೂ ಬಂತು. 1801ರಲ್ಲಿ ಅಧ್ಯಕ್ಷನಾದಾಗ ದೇಶದ ಸಾಲ ತಗ್ಗಿಸಬೇಕೆಂಬುದು ಆತನ ಒಂದು ಹಟ. ಸಂವಿಧಾನದಲ್ಲಿ ಬರೆಯದ ಅಧಿಕಾರ ಸರ್ಕಾರಕ್ಕಿಲ್ಲ ಎಂಬುದು ಇನ್ನೊಂದು.

1803ರಲ್ಲಿ ಎರಡೂ ಸಡಿಲವಾದವು. ಮಿಸಿಸಿಪ್ಪಿ ನದಿ ಸಮುದ್ರ ಸೇರುವ ಕಡೆಯ ನ್ಯೂ ಆರ್ಲಿಯನ್ಸ್ ಬಂದರಿಲ್ಲದೆ ಒಳನಾಡಿನ ರೈತರ ಬೆಳೆ ಸಾಗುವಂತಿರಲಿಲ್ಲ. ಅದನ್ನು ಕೊಳ್ಳಲು ಲಿವಿಂಗ್‌ಸ್ಟನ್ ಮತ್ತು ಮನ್ರೋ ಪ್ಯಾರಿಸ್‌ನಲ್ಲಿ ಮಾತಿಗೆ ಕುಳಿತರೆ, ನೆಪೋಲಿಯನ್ ಇಡೀ ಲೂಸಿಯಾನವನ್ನೇ ಮಾರಲು ಸಿದ್ಧನಾಗಿದ್ದ. ಹೈಟಿಯಲ್ಲಿ ಗುಲಾಮರ ದಂಗೆ ಮತ್ತು ಹಳದಿ ಜ್ವರಕ್ಕೆ ಸಿಕ್ಕಿ ಅವನ ಸೈನ್ಯ ನೆಲಕಚ್ಚಿತ್ತು. ಇಂಗ್ಲೆಂಡಿನ ಮೇಲಿನ ಯುದ್ಧಕ್ಕೆ ಹಣವೂ ಬೇಕಿತ್ತು. ಬೆಲೆ 1.5 ಕೋಟಿ ಡಾಲರ್. ನೆಲ ಸುಮಾರು 8,28,000 ಚದರ ಮೈಲಿ, ಅಂದರೆ ಹನ್ನೊಂದು ಕರ್ನಾಟಕದಷ್ಟು! ಎಕರೆಗೆ ಮೂರು ಸೆಂಟೂ ಬೀಳಲಿಲ್ಲ.

ಗಡಿ ಎಲ್ಲಿಯವರೆಗೆ ಎಂಬುದು ಒಪ್ಪಂದದಲ್ಲಿ ಸ್ಪಷ್ಟವಿರಲಿಲ್ಲ. ನನ್ನ ಬಿ.ಇ. ಫೀಸಿಗೆಂದು ಅಪ್ಪ ಮಾರಿದ ಇಪ್ಪತ್ತು ಗುಂಟೆಗೂ ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆಸಿದ್ದರು. ಅಲ್ಲಿ ತಲೆತಲಾಂತರದಿಂದ ಬದುಕಿದ್ದ ಒಸೇಜ್, ಲಕೋಟ ಮೊದಲಾದ ಮೂಲನಿವಾಸಿಗಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅವರನ್ನು ಒಕ್ಕಲೆಬ್ಬಿಸುವ ಕೆಲಸ ಮುಂದೆ ಹಲವು ದಶಕ ನಡೆಯಿತು.

ಹೊರಗಿನ ನೆಲ ಕೊಳ್ಳಬಹುದೆಂದು ಸಂವಿಧಾನದಲ್ಲಿ ಎಲ್ಲೂ ಬರೆದಿರಲಿಲ್ಲ. ಜೆಫರ್ಸನ್ ತಿದ್ದುಪಡಿಯ ಕರಡು ಬರೆದ. ಅಷ್ಟರಲ್ಲಿ ನೆಪೋಲಿಯನ್ ಮನಸ್ಸು ಬದಲಿಸಬಹುದೆಂಬ ಸುದ್ದಿ ಬಂತು. ಅನುಮೋದನೆಗೆ ಇದ್ದದ್ದು ಆರೇ ತಿಂಗಳ ಗಡುವು. ಕರಡು ಮೂಲೆ ಸೇರಿತು. ಡೆಡ್‌ಲೈನ್ ಹತ್ತಿರ ಬಂದಾಗ ನಾನೂ ನಿಯಮ ಬದಿಗಿಟ್ಟವನೇ, ಹಾಗಾಗಿ ಆತನನ್ನು ಹೆಚ್ಚು ಬಯ್ಯಲಾರೆ. ಅಕ್ಟೋಬರ್‌ನಲ್ಲಿ ಸೆನೆಟ್ 24–7 ಮತಗಳಿಂದ ಒಪ್ಪಿತು. ಬೆಲೆಯ ಮುಕ್ಕಾಲು ಪಾಲನ್ನು ಸಾಲಪತ್ರಗಳಲ್ಲೇ ಕೊಟ್ಟರು.

ದೇಶದ ಆ ಸಾಲ ತೀರಿತು, ಜೆಫರ್ಸನ್‌ನದು ತೀರಲಿಲ್ಲ. 1815ರಲ್ಲಿ ತನ್ನ ಆರು ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ಅಮೆರಿಕದ ಸಂಸತ್ತಿಗೆ ಮಾರಿದರೂ ಸಾಲದಾಯಿತು. ಸಾಯುವಾಗ ಬಾಕಿ ಒಂದು ಲಕ್ಷ ಡಾಲರ್ ಮೀರಿತ್ತು. 1827ರ ಜನವರಿಯಲ್ಲಿ ಆತನ ಮಾಂಟಿಸೆಲ್ಲೊ ಮನೆಯ ಸಾಮಾನು, ದನಕರುಗಳ ಜೊತೆ 130 ಗುಲಾಮರನ್ನೂ ಹರಾಜಿಗಿಟ್ಟರು. ಕಮ್ಮಾರ ಜೋಸೆಫ್ ಫಾಸೆಟ್‌ಗೆ ಜೆಫರ್ಸನ್ ಉಯಿಲಿನಲ್ಲಿ ಬಿಡುಗಡೆ ಬರೆದಿದ್ದ. ಅವನ ಮಕ್ಕಳು ಆ ಹರಾಜಿನಲ್ಲಿ ಬೇರೆ ಬೇರೆಯವರ ಪಾಲಾದರು.